ಹಳೆಯ ಪಿತ್ತದ ಗಂಧೆಗೆ ಸೈಕ್ಲೋಸ್ಪೋರಿನ್ ಚಿಕಿತ್ಸೆ: ರೋಗಿಗಳಿಗೂ ಮನೆಯವರಿಗೂ ಕೆಲವು ಮಾತು



ಚರ್ಮರೋಗ ವಿಭಾಗದಲ್ಲಿ ಸೈಕ್ಲೋಸ್ಪೋರಿನ್ ಕ್ಯಾಪ್ಸೂಲ್ ಬರೆದುಕೊಟ್ಟು ಕಳುಹಿಸಿದ ಎರಡು ದಿನಕ್ಕೇ ಕೆಲವರು ಚೀಟಿ ಹಿಡಿದು ಮರಳಿ ಬರುತ್ತಾರೆ. "ಡಾಕ್ಟರೇ, ಇದು ಕಿಡ್ನಿ ಬದಲಾಯಿಸಿದವರಿಗೆ ಕೊಡುವ ಔಷಧಿಯಂತಲ್ಲ. ಬರೀ ತುರಿಕೆಗೆ ಇದೇಕೆ ಎಂದು ಮೆಡಿಕಲ್ ಅಂಗಡಿಯವರು ಕೇಳಿದರು" ಎನ್ನುತ್ತಾರೆ. ಹೀಗೆ ಕೇಳಲು ಬಂದವರ ಬಗ್ಗೆ ನಮಗೆ ಸಂತೋಷವೇ. ಕೇಳದೆ ಹೆದರಿ ಔಷಧಿಯನ್ನು ಕಪಾಟಿನಲ್ಲಿಟ್ಟು ರಾತ್ರಿಯೆಲ್ಲಾ ಕೆರೆದುಕೊಳ್ಳುವವರೂ ಇದ್ದಾರೆ. ಇದಕ್ಕೆ ವಿರುದ್ಧವಾಗಿ, ಗುಣ ಕಂಡಿತೆಂದು ಹಳೆಯ ಚೀಟಿಯ ಮೇಲೆಯೇ ತಿಂಗಳುಗಟ್ಟಲೆ ಕ್ಯಾಪ್ಸೂಲ್ ಕೊಂಡು ನುಂಗುತ್ತಾ, ಆಸ್ಪತ್ರೆಯ ಕಡೆ ತಲೆ ಹಾಕದವರೂ ಇದ್ದಾರೆ. ಹೆದರುವವರಿಗಿಂತ ಈ ಧೈರ್ಯವಂತರ ಬಗ್ಗೆಯೇ ನಮಗೆ ಹೆಚ್ಚು ಚಿಂತೆ. ಈ ಪುಟಗಳು ಇಬ್ಬರಿಗೂ ಸೇರಿದ್ದು.

ಗಂಧೆ ಏಕೆ ಏಳುತ್ತದೆ?

ಮೈಮೇಲೆ ಸೊಳ್ಳೆ ಕಚ್ಚಿದಂತೆ ಕೆಂಪಗೆ ಉಬ್ಬುವ, ವಿಪರೀತ ತುರಿಸುವ, ಕೆಲವು ಗಂಟೆಗಳಲ್ಲಿ ಒಂದು ಕಡೆ ಅಡಗಿ ಇನ್ನೊಂದು ಕಡೆ ಏಳುವ ದದ್ದುಗಳನ್ನು ನಮ್ಮಲ್ಲಿ ಪಿತ್ತದ ಗಂಧೆ ಎನ್ನುತ್ತಾರೆ. "ಪಿತ್ತ ಎದ್ದಿದೆ" ಎನ್ನುವುದೂ ಉಂಟು. ವೈದ್ಯರ ಭಾಷೆಯಲ್ಲಿ ಇದು ಅರ್ಟಿಕೇರಿಯ. ಒಂದೊಂದು ದದ್ದೂ ಸಾಮಾನ್ಯವಾಗಿ 24 ಗಂಟೆಯೊಳಗೆ ಗುರುತಿಲ್ಲದೆ ಮಾಯವಾಗುತ್ತದೆ. ಕೆಲವರಿಗೆ ಜೊತೆಯಲ್ಲಿ ತುಟಿ, ಕಣ್ಣುರೆಪ್ಪೆ ಊದಿಕೊಳ್ಳುತ್ತವೆ. ಆ ಊತ ಇಳಿಯಲು ಎರಡು ಮೂರು ದಿನ ಹಿಡಿಯಬಹುದು. ದದ್ದುಗಳು ಆರು ವಾರ ಕಳೆದರೂ ಮತ್ತೆ ಮತ್ತೆ ಏಳುತ್ತಿದ್ದರೆ ಅದು ದೀರ್ಘಕಾಲದ ಗಂಧೆ ಎನಿಸುತ್ತದೆ. ಇದು ಪುರುಷರಿಗಿಂತ ಮಹಿಳೆಯರಲ್ಲಿ ಸುಮಾರು ಎರಡರಷ್ಟು ಹೆಚ್ಚು. ಅಂಟುರೋಗವಲ್ಲ. ಒಂದೇ ತಟ್ಟೆಯಲ್ಲಿ ಉಂಡರೂ ಒಂದೇ ಹಾಸಿಗೆಯಲ್ಲಿ ಮಲಗಿದರೂ ಇನ್ನೊಬ್ಬರಿಗೆ ಹರಡುವುದಿಲ್ಲ.

ಹೆಸರಿನಲ್ಲಿ ಪಿತ್ತವಿದ್ದರೂ ಇದರ ಮೂಲ ಪಿತ್ತಕೋಶದಲ್ಲಿಲ್ಲ. ನಮ್ಮ ಚರ್ಮದಲ್ಲಿ ಮಾಸ್ಟ್ ಕೋಶಗಳೆಂಬ ಕಾವಲುಗಾರ ಕೋಶಗಳಿವೆ. ಅವುಗಳ ಒಡಲಿನಲ್ಲಿ ಹಿಸ್ಟಮಿನ್ ಎಂಬ ರಾಸಾಯನಿಕ ತುಂಬಿರುತ್ತದೆ. ಕೋಶ ಕೆರಳಿ ಹಿಸ್ಟಮಿನ್ ಹೊರಗೆ ಚೆಲ್ಲಿದಾಗ ರಕ್ತನಾಳಗಳಿಂದ ನೀರು ಒಸರಿ ಚರ್ಮ ಉಬ್ಬುತ್ತದೆ, ತುರಿಕೆ ಹತ್ತುತ್ತದೆ. ದೀರ್ಘಕಾಲದ ಗಂಧೆಯ ಅನೇಕ ರೋಗಿಗಳಲ್ಲಿ ಈ ಕೋಶಗಳನ್ನು ಕೆರಳಿಸುವುದು ಹೊರಗಿನ ವಸ್ತುವಲ್ಲ, ದೇಹವೇ ತನ್ನ ವಿರುದ್ಧ ತಯಾರಿಸಿಕೊಂಡ ಪ್ರತಿಕಾಯಗಳು. ರೋಗಾಣುಗಳೊಡನೆ ಹೋರಾಡಬೇಕಾದ ರೋಗನಿರೋಧಕ ವ್ಯವಸ್ಥೆ ದಾರಿ ತಪ್ಪಿ ಮನೆಯವರ ಮೇಲೆಯೇ ಕೈಮಾಡಿದಂತೆ. ಇಂಥವರಲ್ಲಿ ಕೆಲವರಿಗೆ ಥೈರಾಯ್ಡ್ ತೊಂದರೆಯೂ ಇರುವುದರಿಂದ ಆ ಪರೀಕ್ಷೆಯನ್ನೂ ಮಾಡಿಸುತ್ತೇವೆ.

ಆದ್ದರಿಂದ ಬದನೆಕಾಯಿ ನಂಜು, ಕಡಲೆಕಾಯಿ ನಂಜು ಎಂದು ಒಂದೊಂದಾಗಿ ಬಿಡುತ್ತಾ ಕೊನೆಗೆ ಬರೀ ಗಂಜಿಗೆ ಬಂದು ನಿಂತವರನ್ನು ಕಂಡಾಗ ಮರುಕವಾಗುತ್ತದೆ. ವರ್ಷಗಟ್ಟಲೆ ದಿನನಿತ್ಯ ಏಳುವ ಗಂಧೆಗೆ ಊಟದ ಪದಾರ್ಥ ಕಾರಣವಾಗುವುದು ಬಹಳ ಅಪರೂಪ. ಒಂದು ವಸ್ತು ತಿಂದ ಸ್ವಲ್ಪ ಹೊತ್ತಿಗೇ, ತಿಂದಾಗಲೆಲ್ಲಾ ದದ್ದು ಏಳುವುದಾದರೆ ಮಾತ್ರ ಅದನ್ನು ಬಿಡಿ. ಆದರೆ ಮೈಕೈ ನೋವಿಗೆ ನುಂಗುವ ಆಸ್ಪಿರಿನ್, ಡೈಕ್ಲೋಫೆನಾಕ್, ಐಬುಪ್ರೊಫೇನ್ ಮಾತ್ರೆಗಳು ಕೆಲವರಲ್ಲಿ ಗಂಧೆಯನ್ನು ಕೆರಳಿಸುವುದು ನಿಜ. ಬದನೆಕಾಯಿ ಬಿಟ್ಟು ನೋವಿನ ಮಾತ್ರೆ ನುಂಗುವವರೇ ಹೆಚ್ಚು.

ಸೈಕ್ಲೋಸ್ಪೋರಿನ್ ತನಕ ಬರುವುದು ಹೇಗೆ?

ಮೊದಲ ಔಷಧಿ ಹಿಸ್ಟಮಿನ್ನನ್ನು ತಡೆಯುವ ಮಾತ್ರೆಯೇ. ಅವಿಲ್‌ನಂತಹ ಹಳೆಯ ಮಾತ್ರೆಗಳು ತೂಕಡಿಕೆ ತರುತ್ತವೆಯಾದ್ದರಿಂದ ಲೆವೊಸೆಟಿರಿಜಿನ್, ಫೆಕ್ಸೊಫೆನಡಿನ್ ಮುಂತಾದ ಹೊಸ ಬಗೆಯವನ್ನು ಕೊಡುತ್ತೇವೆ. ಇವನ್ನು ತುರಿಸಿದಾಗ ಒಂದರಂತೆ ನುಂಗುವುದಲ್ಲ, ದಿನವೂ ತಪ್ಪದೆ ತೆಗೆದುಕೊಳ್ಳಬೇಕು. ಸಾಲದಿದ್ದರೆ ವೈದ್ಯರು ಪ್ರಮಾಣವನ್ನು ನಾಲ್ಕು ಪಟ್ಟಿನವರೆಗೂ ಏರಿಸುವುದುಂಟು. ಏರಿಸುವುದು ವೈದ್ಯರ ಕೆಲಸ, ತಮ್ಮದಲ್ಲ. ಆಗಲೂ ಬಗ್ಗದ ರೋಗಕ್ಕೆ ಅಂತರರಾಷ್ಟ್ರೀಯ ಮಾರ್ಗಸೂಚಿಗಳು ಮುಂದಿನ ಮೆಟ್ಟಿಲಾಗಿ ಹೇಳುವುದು ನಾಲ್ಕು ವಾರಕ್ಕೊಮ್ಮೆ ಚರ್ಮದಡಿ ಕೊಡುವ ಒಮಾಲಿಝುಮ್ಯಾಬ್ ಚುಚ್ಚುಮದ್ದನ್ನು, ಅದರ ನಂತರ ಸೈಕ್ಲೋಸ್ಪೋರಿನ್ನನ್ನು. ಆ ಚುಚ್ಚುಮದ್ದು ಕಿಡ್ನಿಗೆ ತೊಂದರೆ ಕೊಡುವುದಿಲ್ಲ, ಆದರೆ ದುಬಾರಿ. ದಿನಗೂಲಿಯ ಮೇಲೆ ಸಂಸಾರ ನಡೆಸುವವರಿಗೆ ತಿಂಗಳು ತಿಂಗಳು ಅದನ್ನು ಹಾಕಿಸಿಕೊಳ್ಳಿ ಎನ್ನಲು ಬಾಯಿ ಬರುವುದಿಲ್ಲ. ಹೀಗಾಗಿ ನಮ್ಮಂತಹ ಆಸ್ಪತ್ರೆಗಳಲ್ಲಿ ಅನೇಕರು ನೇರವಾಗಿ ಸೈಕ್ಲೋಸ್ಪೋರಿನ್ನಿಗೆ ಬರುತ್ತಾರೆ. ತಮಗೆ ಎರಡೂ ದಾರಿಗಳಿವೆ ಎಂಬುದು ಗೊತ್ತಿರಲಿ. ಶಕ್ತಿಯಿದ್ದವರು ಚುಚ್ಚುಮದ್ದಿನ ಬಗ್ಗೆ ಕೇಳಬಹುದು.

ಇಲ್ಲಿ ಇನ್ನೊಂದು ಮಾತು. ಅಂಗಡಿಯಲ್ಲಿ ಕೇಳಿದರೆ ಕೊಡುವ ಚಿಕ್ಕ ಮಾತ್ರೆಯೊಂದು ಎಲ್ಲ ಗಂಧೆಯನ್ನೂ ಒಂದೇ ರಾತ್ರಿಯಲ್ಲಿ ಅಡಗಿಸುತ್ತದೆ. ಅದು ಸ್ಟೀರಾಯ್ಡ್. ಉಲ್ಬಣಗೊಂಡಾಗ ವೈದ್ಯರು ಕೆಲವು ದಿನಗಳ ಮಟ್ಟಿಗೆ ಕೊಡುತ್ತಾರೆ, ಅಷ್ಟೆ. ಅದನ್ನೇ ತಿಂಗಳುಗಟ್ಟಲೆ ನುಂಗಿದವರಿಗೆ ಮುಖ ಊದಿ, ಸಕ್ಕರೆ ಕಾಯಿಲೆ ಕಾಣಿಸಿಕೊಂಡು, ಮೂಳೆ ಟೊಳ್ಳಾಗುತ್ತದೆ. ಸೈಕ್ಲೋಸ್ಪೋರಿನ್ ಕೊಡುವ ಒಂದು ಉದ್ದೇಶವೇ ಈ ಚಿಕ್ಕ ಮಾತ್ರೆಯ ಹಿಡಿತದಿಂದ ರೋಗಿಯನ್ನು ಬಿಡಿಸುವುದು. ಬಹುದಿನದಿಂದ ಸ್ಟೀರಾಯ್ಡ್ ನುಂಗುತ್ತಿದ್ದವರು ಅದನ್ನು ಒಮ್ಮೆಲೇ ನಿಲ್ಲಿಸಬಾರದು. ಮುಚ್ಚಿಡದೆ ನಮಗೆ ಹೇಳಿ, ಹಂತಹಂತವಾಗಿ ಇಳಿಸುತ್ತೇವೆ.

ಕಿಡ್ನಿಯವರ ಔಷಧಿ ತುರಿಕೆಗೇಕೆ?

ನಾರ್ವೆ ದೇಶದ ಹಾರ್ಡಂಗರ್‌ವಿಡ್ಡ ಪ್ರಸ್ಥಭೂಮಿಯಿಂದ ತಂದ ಹಿಡಿ ಮಣ್ಣಿನಲ್ಲಿದ್ದ ಒಂದು ಬೂಷ್ಟಿನಿಂದ ಈ ಔಷಧಿ ಹುಟ್ಟಿತು. ಸ್ವಿಟ್ಜರ್ಲೆಂಡಿನ ಬಾಸೆಲ್‌ನಲ್ಲಿರುವ ಸಾಂಡೋಜ್ ಕಂಪನಿಯ ಪ್ರಯೋಗಾಲಯದಲ್ಲಿ 1972ರಲ್ಲಿ ಇದಕ್ಕೆ ರೋಗನಿರೋಧಕ ಕೋಶಗಳನ್ನು ತಣ್ಣಗಾಗಿಸುವ ಗುಣವಿರುವುದು ತಿಳಿಯಿತು. 1983ರಲ್ಲಿ ಅಮೆರಿಕದಲ್ಲಿ ಅಂಗಾಂಗ ಕಸಿಗೆ ಅನುಮತಿ ದೊರೆಯಿತು. ಬೇರೆಯವರ ಕಿಡ್ನಿಯನ್ನು ದೇಹ ಪರಕೀಯವೆಂದು ತಿರಸ್ಕರಿಸದಂತೆ ತಡೆಯುವ ಗುಣವೇ, ಸ್ವಂತ ಚರ್ಮದ ಮೇಲೆ ದೇಹ ಹೂಡಿದ ಯುದ್ಧವನ್ನೂ ತಡೆಯುತ್ತದೆ. ಜೊತೆಗೆ ಮಾಸ್ಟ್ ಕೋಶಗಳು ಹಿಸ್ಟಮಿನ್ ಚೆಲ್ಲುವುದನ್ನೂ ಇದು ಕಡಿಮೆ ಮಾಡುತ್ತದೆ.

ಗಂಧೆಗೆ ಇದರ ಉಪಯೋಗ ಊಹೆಯ ಮಾತಲ್ಲ. ಬ್ರಿಟನ್ನಿನಲ್ಲಿ ನಡೆದು 2000ದಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಬೇರೆ ಮಾತ್ರೆಗಳಿಗೆ ಬಗ್ಗದ ರೋಗಿಗಳಲ್ಲಿ ನಾಲ್ಕು ವಾರ ಸೈಕ್ಲೋಸ್ಪೋರಿನ್ ಪಡೆದ 19 ಜನರ ಪೈಕಿ 8 ಮಂದಿಗೆ ಗುಣ ಕಂಡಿತು. ಔಷಧಿಯಿಲ್ಲದ ಹುಸಿ ಮಾತ್ರೆ ಪಡೆದ 10 ಜನರಲ್ಲಿ ಒಬ್ಬರಿಗೂ ಕಾಣಲಿಲ್ಲ. ಎಲ್ಲರಿಗೂ ಫಲಿಸುವುದಿಲ್ಲ ಎಂಬುದೂ ಈ ಲೆಕ್ಕದಲ್ಲೇ ಇದೆ. ಫಲಿಸಿದವರಲ್ಲಿಯೂ ಔಷಧಿ ನಿಲ್ಲಿಸಿದ ಮೇಲೆ ಕೆಲವರಿಗೆ ಗಂಧೆ ಮರಳುತ್ತದೆ.

ಕಸಿ ಮಾಡಿಸಿಕೊಂಡವರು ಇಂತಹ ಔಷಧಿಗಳನ್ನು ಜೀವನಪರ್ಯಂತ ನುಂಗಬೇಕು. ತಮಗೆ ಹಾಗಲ್ಲ, ಸಾಮಾನ್ಯವಾಗಿ ಮೂರರಿಂದ ಆರು ತಿಂಗಳು. ಪ್ರಮಾಣ ದೇಹದ ತೂಕಕ್ಕೆ ತಕ್ಕಂತೆ, ಕಿಲೋಗೆ ದಿನಕ್ಕೆ 3ರಿಂದ 5 ಮಿಲಿಗ್ರಾಂ. 60 ಕಿಲೋ ತೂಗುವವರಿಗೆ 3ರ ಲೆಕ್ಕದಲ್ಲಿ ದಿನಕ್ಕೆ 180 ಮಿಲಿಗ್ರಾಂ ಆಸುಪಾಸು. ಅದನ್ನು ಸಿಗುವ ಕ್ಯಾಪ್ಸೂಲುಗಳಿಗೆ ಹೊಂದಿಸಿ ಬೆಳಿಗ್ಗೆ, ರಾತ್ರಿ ಎಂದು ಎರಡಾಗಿ ಹಂಚುತ್ತೇವೆ. ಆದ್ದರಿಂದ ನೆರೆಮನೆಯವರ ಚೀಟಿ ತಮಗೆ ಹೊಂದುವುದಿಲ್ಲ. ಇದರ ಜೊತೆ ಹಿಸ್ಟಮಿನ್ ತಡೆಯುವ ಮಾತ್ರೆಯೂ ನಡೆಯುತ್ತಿರಬೇಕು. ಗುಣ ಕಾಣಲು ಕೆಲವು ವಾರ ಬೇಕಾಗುತ್ತದೆ, ನಾಲ್ಕೇ ದಿನಕ್ಕೆ ಫಲವಿಲ್ಲವೆಂದು ಬಿಡಬೇಡಿ.

ರಕ್ತಪರೀಕ್ಷೆಯ ಮೊದಲ ಚೀಟಿ

ಸೈಕ್ಲೋಸ್ಪೋರಿನ್ನಿನ ಎರಡು ದೊಡ್ಡ ದೋಷಗಳು ರಕ್ತದೊತ್ತಡ ಏರುವುದು ಮತ್ತು ಮೂತ್ರಪಿಂಡದ ಕೆಲಸ ಕುಂದುವುದು. ಎರಡೂ ಸದ್ದಿಲ್ಲದೆ ಬರುತ್ತವೆ. ನೋವಿಲ್ಲ, ಉರಿಯಿಲ್ಲ, ಮೂತ್ರ ಎಂದಿನಂತೆಯೇ ಹೋಗುತ್ತಿರುತ್ತದೆ. ಅಳೆದು ನೋಡದೆ ತಿಳಿಯಲು ಬೇರೆ ಉಪಾಯವಿಲ್ಲ. ಔಷಧಿ ಆರಂಭಿಸುವ ಮೊದಲೇ ಬಿ.ಪಿ. ನೋಡಿ, ರಕ್ತದಲ್ಲಿ ಕ್ರಿಯಾಟಿನಿನ್ ಅಳೆಯುತ್ತೇವೆ. ಮೂತ್ರಪಿಂಡ ಹೊರಹಾಕಬೇಕಾದ ಕಶ್ಮಲ ಅದು. ರಕ್ತದಲ್ಲಿ ಅದು ಏರಿದರೆ ಮೂತ್ರಪಿಂಡ ಹಿಂದೆ ಬಿದ್ದಿದೆ ಎಂದರ್ಥ. ಮೊದಲ ಮೂರು ತಿಂಗಳು ಎರಡು ವಾರಕ್ಕೊಮ್ಮೆ, ಆಮೇಲೆ ತಿಂಗಳಿಗೊಮ್ಮೆ ಈ ಎರಡನ್ನೂ ನೋಡಬೇಕು.

ಈಗ ಹೇಳುವುದನ್ನು ದಯವಿಟ್ಟು ಎರಡು ಸಲ ಓದಿ. ಲ್ಯಾಬಿನವರ ಚೀಟಿಯಲ್ಲಿ ಕ್ರಿಯಾಟಿನಿನ್ನಿನ ಎದುರು 0.6ರಿಂದ 1.2 ಎಂಬಂತೆ ಸಹಜ ಮಟ್ಟ ಮುದ್ರಿತವಾಗಿರುತ್ತದೆ. ಸೈಕ್ಲೋಸ್ಪೋರಿನ್ ನುಂಗುವವರಿಗೆ ಆ ಮಟ್ಟವೊಂದೇ ಸಾಲದು. ನೋಡಬೇಕಾದದ್ದು ತಮ್ಮದೇ ಮೊದಲ ಅಳತೆಯನ್ನು. ಆರಂಭದಲ್ಲಿ 0.7 ಇದ್ದದ್ದು ಈಗ 1.0 ಆಗಿದ್ದರೆ ಲ್ಯಾಬಿನ ಪ್ರಕಾರ ಅದು ಸರಿ, ನಮ್ಮ ಪ್ರಕಾರ ನೂರಕ್ಕೆ ನಲವತ್ತಕ್ಕಿಂತ ಹೆಚ್ಚು ಏರಿಕೆ. ಮೊದಲಿನದಕ್ಕಿಂತ ಕಾಲುಭಾಗಕ್ಕೂ ಹೆಚ್ಚು ಏರಿದರೆ ನಾವು ಮತ್ತೊಮ್ಮೆ ಪರೀಕ್ಷಿಸಿ, ಏರಿಕೆ ನಿಜವಾಗಿದ್ದರೆ ಔಷಧಿಯ ಪ್ರಮಾಣವನ್ನು ಕಾಲು ಅಥವಾ ಅರ್ಧದಷ್ಟು ಇಳಿಸುತ್ತೇವೆ. ಇಳಿಯದಿದ್ದರೆ ನಿಲ್ಲಿಸುತ್ತೇವೆ.

ತಾಯಿಯೊಬ್ಬರು ನಮ್ಮಲ್ಲಿ ಔಷಧಿ ಆರಂಭಿಸಿದಾಗ ಅವರ ಕ್ರಿಯಾಟಿನಿನ್ 0.6 ಇತ್ತು. ಎರಡೇ ತಿಂಗಳಲ್ಲಿ ಗಂಧೆ ಸಂಪೂರ್ಣ ಅಡಗಿತು. ಮೂರು ವರ್ಷದಿಂದ ಕಾಣದ ನಿದ್ದೆ ಕಂಡೆ ಎಂದು ಸಂತೋಷಪಟ್ಟು ಊರಿಗೆ ಹೋದರು. ಬಿತ್ತನೆಯ ಕಾಲ, ಬಸ್ಸಿನ ಖರ್ಚು, ಬರಲಾಗಲಿಲ್ಲ. ನಾಲ್ಕನೆಯ ತಿಂಗಳು ಹತ್ತಿರದ ಪಟ್ಟಣದಲ್ಲಿ ರಕ್ತಪರೀಕ್ಷೆ ಮಾಡಿಸಿದರು. 0.9 ಬಂತು. ಓದುಬರಹ ಬಲ್ಲ ಮಗ ಚೀಟಿ ನೋಡಿ "ನಾರ್ಮಲ್ ಇದೆಯಮ್ಮ, ಮುಂದುವರಿಸು" ಎಂದ. ಅವನು ಓದಿದ್ದು ತಪ್ಪಲ್ಲ, ಚೀಟಿಯಲ್ಲಿ ಹಾಗೆಯೇ ಇತ್ತು. ಏಳನೆಯ ತಿಂಗಳು ತಲೆನೋವೆಂದು ಕರೆತಂದಾಗ ಬಿ.ಪಿ. 160/100, ಕ್ರಿಯಾಟಿನಿನ್ 1.1. ಔಷಧಿ ನಿಲ್ಲಿಸಿದೆವು. ಬಿ.ಪಿ. ಇಳಿಯಿತು. ಕ್ರಿಯಾಟಿನಿನ್ ಇಳಿಯುತ್ತಾ 0.8ಕ್ಕೆ ಬಂದು ನಿಂತಿತು, 0.6ಕ್ಕೆ ಮರಳಲಿಲ್ಲ. ಆ ಮಗನಿಗೆ ಮೊದಲ ಅಳತೆಯ ವಿಷಯವನ್ನು ನಾವು ಬಿಡಿಸಿ ಹೇಳಿರಲಿಲ್ಲ. ಈಗ ಔಷಧಿ ಆರಂಭಿಸುವ ದಿನವೇ ರೋಗಿಯ ಪುಸ್ತಕದ ಮೊದಲ ಪುಟದಲ್ಲಿ ಆ ಅಂಕಿಯನ್ನು ಕೆಂಪು ಶಾಯಿಯಲ್ಲಿ ಬರೆದುಕೊಡುತ್ತೇವೆ. ಆ ಪುಸ್ತಕ ಕಳೆಯಬೇಡಿ. ಬರಲಾಗದ ತಿಂಗಳು ಹತ್ತಿರದ ಸರಕಾರಿ ಆಸ್ಪತ್ರೆಯಲ್ಲಿ ಬಿ.ಪಿ. ನೋಡಿಸಿ, ರಕ್ತಪರೀಕ್ಷೆ ಮಾಡಿಸಿ, ಆ ಅಂಕಿಯನ್ನು ನಮಗೆ ಫೋನಿನಲ್ಲಿ ತಿಳಿಸಿದರೂ ಆಗುತ್ತದೆ.

ಉಳಿದ ದೋಷಗಳು ಕಣ್ಣಿಗೆ ಕಾಣುವಂಥವು. ಕೈ ಸಣ್ಣಗೆ ನಡುಗುವುದು, ಬೆರಳು ಜುಮುಗುಟ್ಟುವುದು, ವಾಕರಿಕೆ, ಮೈಮೇಲೆ ಕೂದಲು ಹೆಚ್ಚುವುದು, ವಸಡು ಊದುವುದು. ಹಲ್ಲುಜ್ಜುವುದರಲ್ಲಿ ಅಲಕ್ಷ್ಯ ಬೇಡ. ಇವು ಬಹುಮಟ್ಟಿಗೆ ಔಷಧಿ ಇಳಿಸಿದಾಗ ತಗ್ಗುತ್ತವೆ.

ನುಂಗುವ ಕ್ರಮ, ಊಟ, ಪೂಜೆ

ಎರಡು ಹೊತ್ತಿನ ನಡುವೆ ಸುಮಾರು 12 ಗಂಟೆ ಅಂತರವಿರಲಿ. ಊಟಕ್ಕೆ ಮೊದಲೋ ನಂತರವೋ, ಯಾವುದಾದರೂ ಸರಿ, ದಿನವೂ ಒಂದೇ ರೀತಿ ಇರಬೇಕು. ಇಷ್ಟಲಿಂಗ ಪೂಜೆಗೆ ಮೊದಲು ನೀರನ್ನೂ ಮುಟ್ಟದವರು ಪೂಜೆಯ ನಂತರದ ಹೊತ್ತನ್ನೇ ಗೊತ್ತುಮಾಡಿಕೊಳ್ಳಿ, ರಾತ್ರಿಯದನ್ನು ಅದಕ್ಕೆ ಹೊಂದಿಸಿ. ಶ್ರಾವಣ ಸೋಮವಾರದ ಉಪವಾಸವೆಂದು ಔಷಧಿ ತಪ್ಪಿಸಬೇಡಿ. ಕ್ಯಾಪ್ಸೂಲನ್ನು ನುಂಗುವ ಹೊತ್ತಿಗೇ ಪಟ್ಟಿಯಿಂದ ಬಿಡಿಸಿ. ಬಿಡಿಸಿದಾಗ ಒಂದು ಬಗೆಯ ವಾಸನೆ ಬರುವುದು ಸಹಜ, ಕೆಟ್ಟಿದೆಯೆಂದಲ್ಲ. ಅಂಗಡಿಯವರು ಬೇರೆ ಕಂಪನಿಯದನ್ನು ಕೊಟ್ಟರೆ ನಮಗೆ ತೋರಿಸದೆ ನುಂಗಬೇಡಿ. ಒಂದು ಕಂಪನಿಯದು ರಕ್ತಕ್ಕೆ ಸೇರುವಷ್ಟೇ ಇನ್ನೊಂದರದು ಸೇರದಿರಬಹುದು.

ಭಕ್ತರು ಸಂಕೋಚದಿಂದ ಕೇಳುವ ಒಂದು ಪ್ರಶ್ನೆಗೆ ಇಲ್ಲಿಯೇ ಉತ್ತರಿಸುತ್ತೇವೆ. ಹೌದು, ಈ ಮೆತ್ತನೆಯ ಕ್ಯಾಪ್ಸೂಲಿನ ಹೊರಕವಚ ಸಾಮಾನ್ಯವಾಗಿ ಜೆಲಾಟಿನ್ನಿನದು, ಅದು ಪ್ರಾಣಿಜನ್ಯ. ಮುಚ್ಚಿಟ್ಟು ಕೊಡುವುದು ನಮಗೆ ಸರಿಕಾಣುವುದಿಲ್ಲ. ಮನಸ್ಸು ಒಪ್ಪದಿದ್ದವರು ಕವಚ ಒಡೆದು ಒಳಗಿನದನ್ನು ಕುಡಿಯಲು ಹೋಗಬೇಡಿ, ಪ್ರಮಾಣ ಏರುಪೇರಾಗುತ್ತದೆ. ಇದೇ ಔಷಧಿ ದ್ರವರೂಪದಲ್ಲಿಯೂ ಇದೆ. ಎಲ್ಲ ಅಂಗಡಿಗಳಲ್ಲಿ ಸಿಗದು, ತರಿಸಬೇಕಾಗುತ್ತದೆ. ಮೊದಲೇ ಹೇಳಿದರೆ ಏರ್ಪಾಡು ಮಾಡಬಹುದು.

ಹಣ್ಣುಗಳಲ್ಲಿ ಚಕ್ಕೋತ ಬೇಡ. ದೇವನಹಳ್ಳಿಯ ಚಕ್ಕೋತ ನಮ್ಮ ನಾಡಿನಲ್ಲಿ ಹೆಸರಾದದ್ದೇ, ಆದರೆ ಚಕ್ಕೋತದ ರಸ ಈ ಔಷಧಿಯ ಮಟ್ಟವನ್ನು ರಕ್ತದಲ್ಲಿ ಏರಿಸುತ್ತದೆಂದು ಕಂಡುಬಂದಿದೆ. ಸಾಧಾರಣ ಕಿತ್ತಳೆಗೆ ಈ ದೋಷವಿಲ್ಲ. "ಮೈ ಉಷ್ಣವಾಗಿದೆ" ಎಂದು ದಿನಕ್ಕೆ ಎರಡು ಮೂರು ಎಳನೀರು ಕುಡಿಯುವವರು ತಡೆಯಿರಿ. ಎಳನೀರಿನಲ್ಲಿ ಪೊಟಾಸಿಯಂ ಹೆಚ್ಚು, ಸೈಕ್ಲೋಸ್ಪೋರಿನ್ ಕೂಡ ರಕ್ತದ ಪೊಟಾಸಿಯಂ ಏರಿಸುತ್ತದೆ. ಎರಡೂ ಸೇರಿದರೆ ಹೃದಯದ ಬಡಿತಕ್ಕೆ ಅಪಾಯ. ಮಲೆನಾಡು, ಕರಾವಳಿಯವರು ಗಂಧೆಗೆ ಕುಡಿಯುವ ಪುನರ್ಪುಳಿ ಶರಬತ್ತು ಊಟದ ಜೊತೆ ಎಂದಿನಂತೆ ಇರಬಹುದು, ಔಷಧಿಯ ಬದಲಿಗಲ್ಲ. ಕಂಬಳಿಯಿಂದ ಮೈ ಉಜ್ಜುವುದು ಬೇಡವೇ ಬೇಡ, ಉಜ್ಜಿದಷ್ಟೂ ಗಂಧೆ ಏಳುತ್ತದೆ.

ಬೇರೆ ಔಷಧಿಗಳ ಜೊತೆ ಜಗಳ

ಹುಳುಕಡ್ಡಿಗೆ ಕೊಡುವ ಇಟ್ರಾಕೊನಜೋಲ್, ಫ್ಲುಕೊನಜೋಲ್, ಕೆಮ್ಮು ನೆಗಡಿಗೆ ಕೊಡುವ ಎರಿಥ್ರೊಮೈಸಿನ್, ಕ್ಲಾರಿಥ್ರೊಮೈಸಿನ್ ಇವು ಸೈಕ್ಲೋಸ್ಪೋರಿನ್ ಮಟ್ಟವನ್ನು ಏರಿಸಿ ಕಿಡ್ನಿಗೆ ಪೆಟ್ಟು ಕೊಡುತ್ತವೆ. ಈಚಿನ ವರ್ಷಗಳಲ್ಲಿ ಹುಳುಕಡ್ಡಿ ಮನೆಮನೆಯಲ್ಲಿದೆ, ತುರಿಕೆ ಎಂದ ಕೂಡಲೇ ಇಟ್ರಾಕೊನಜೋಲ್ ಕೈಗೆ ಬರುತ್ತದೆ. ಕ್ಷಯದ ರಿಫಾಂಪಿಸಿನ್, ಮೂರ್ಛೆರೋಗದ ಫೆನಿಟಾಯಿನ್, ಕಾರ್ಬಮಜೆಪಿನ್ ಇದಕ್ಕೆ ವಿರುದ್ಧವಾಗಿ ಮಟ್ಟವನ್ನು ಇಳಿಸಿ ಗಂಧೆ ಮರಳುವಂತೆ ಮಾಡುತ್ತವೆ. ಮೂರ್ಛೆಯ ಮಾತ್ರೆಯನ್ನು ಇದಕ್ಕಾಗಿ ನಿಲ್ಲಿಸಬೇಡಿ, ನಮಗೆ ತಿಳಿಸಿ. ಡೈಕ್ಲೋಫೆನಾಕ್, ಐಬುಪ್ರೊಫೇನ್ ಗಂಧೆಗೂ ಕೆಟ್ಟದ್ದು, ಈ ಔಷಧಿಯ ಜೊತೆ ಕಿಡ್ನಿಗೂ ಕೆಟ್ಟದ್ದು. ಜ್ವರ ನೋವಿಗೆ ಪ್ಯಾರಾಸಿಟಮಾಲ್ ಸಾಕು. ಯಾವ ವೈದ್ಯರಲ್ಲಿಗೆ, ದಂತವೈದ್ಯರಲ್ಲಿಗೆ ಹೋದರೂ ಮೊದಲು ಸೈಕ್ಲೋಸ್ಪೋರಿನ್ ಹೆಸರು ಹೇಳಿ.

ಕ್ಷಯ, ಕಾಮಾಲೆಯ ಬಿ ಮತ್ತು ಸಿ ಸೋಂಕುಗಳು ಒಳಗೆ ಅಡಗಿದ್ದರೆ ರೋಗನಿರೋಧಕ ಶಕ್ತಿ ತಗ್ಗಿದಾಗ ತಲೆಯೆತ್ತಬಹುದು. ಆರಂಭದಲ್ಲಿ ಎದೆಯ ಎಕ್ಸ್‌ರೇ ಮತ್ತು ರಕ್ತಪರೀಕ್ಷೆ ಮಾಡಿಸುವುದು ಅದಕ್ಕಾಗಿಯೇ. ಮನೆಯಲ್ಲಿ ಯಾರಿಗಾದರೂ ಕ್ಷಯ ಇದ್ದಿದ್ದರೆ ನಾಚಿಕೆಪಡದೆ ಹೇಳಿ. ಬಸುರಾಗುವ ಯೋಚನೆಯಿರುವವರು, ಹಾಲುಣಿಸುವವರು ಮೊದಲೇ ತಿಳಿಸಬೇಕು. ದಡಾರದಂತಹ ಜೀವಂತ ಲಸಿಕೆಗಳು ಈ ಅವಧಿಯಲ್ಲಿ ಬೇಡ.

ಸೈಕ್ಲೋಸ್ಪೋರಿನ್ ಹೊಂದದವರಿಗೆ ಅಜಥಯೋಪ್ರಿನ್ ಇದೆ. ಚಂಡೀಗಢದ ಪಿ.ಜಿ.ಐ.ಯವರು 2019ರಲ್ಲಿ ಪ್ರಕಟಿಸಿದ ಹೋಲಿಕೆಯಲ್ಲಿ ಅದು ಸೈಕ್ಲೋಸ್ಪೋರಿನ್ನಿಗೆ ಹಿಂದೆ ಬೀಳಲಿಲ್ಲ. ಅದಕ್ಕೆ ಕಿಡ್ನಿಯ ಬದಲು ರಕ್ತಕಣಗಳ ಎಣಿಕೆ ಮತ್ತು ಯಕೃತ್ತಿನ ಪರೀಕ್ಷೆ ಬೇಕು.

ಮನೆಯವರಿಗೆ

ರೋಗಿಯ ಪುಸ್ತಕದಲ್ಲಿ ದಿನವೂ ಎರಡು ಅಂಕಿ ಬರೆಯಿರಿ. ದದ್ದು ಇಲ್ಲದಿದ್ದರೆ 0, ಇಪ್ಪತ್ತಕ್ಕಿಂತ ಕಡಿಮೆ ಇದ್ದರೆ 1, ಐವತ್ತರವರೆಗೆ 2, ಅದಕ್ಕೂ ಮೇಲೆ 3. ತುರಿಕೆಗೂ ಹೀಗೆಯೇ, ಇಲ್ಲದಿದ್ದರೆ 0, ನಿದ್ದೆ ಕೆಡಿಸುವಷ್ಟಿದ್ದರೆ 3. ಏಳು ದಿನದ್ದನ್ನು ಕೂಡಿಸಿದರೆ ಹೆಚ್ಚೆಂದರೆ 42. ಆರು ಅಥವಾ ಅದಕ್ಕಿಂತ ಕಡಿಮೆ ಬಂದರೆ ರೋಗ ಹತೋಟಿಯಲ್ಲಿದೆ. "ಪರವಾಗಿಲ್ಲ", "ಹಾಗೇ ಇದೆ" ಎಂಬ ಮಾತಿಗಿಂತ ಈ ಲೆಕ್ಕ ನಮಗೆ ಹೆಚ್ಚು ಹೇಳುತ್ತದೆ. ಪ್ರಮಾಣ ಇಳಿಸುವುದನ್ನೂ ಇದರ ಮೇಲೆಯೇ ನಿರ್ಧರಿಸುತ್ತೇವೆ.

ನಾಲಿಗೆ, ಗಂಟಲು ಊದಿ ಉಸಿರು ಕಟ್ಟಿದಂತಾದರೆ, ಧ್ವನಿ ಬದಲಾದರೆ, ತಲೆ ಸುತ್ತಿ ಬಿದ್ದರೆ ಬೆಳಗಾಗಲೆಂದು ಕಾಯಬೇಡಿ. 108ಕ್ಕೆ ಕರೆಮಾಡಿ, ಹತ್ತಿರದ ಆಸ್ಪತ್ರೆಗೆ ಒಯ್ಯಿರಿ. ಜ್ವರ 100.4 ಡಿಗ್ರಿ ದಾಟಿದರೆ, ಎರಡು ವಾರ ಮೀರಿ ಕೆಮ್ಮಿದ್ದರೆ, ಸೀತಾಳೆ ಸಿಡುಬು ಅಥವಾ ಸರ್ಪಸುತ್ತು ಎದ್ದರೆ ಅಂದೇ ಬನ್ನಿ. ಸರ್ಪಸುತ್ತಿಗೆ ನಾಟಿಮದ್ದು ಹಚ್ಚಿಸಿ ದಿನ ಕಳೆಯುವುದು ಈ ಔಷಧಿಯಲ್ಲಿರುವವರಿಗೆ ಬಹಳ ಅಪಾಯ. ದದ್ದು ಒಂದೇ ಜಾಗದಲ್ಲಿ 24 ಗಂಟೆಗಿಂತ ಹೆಚ್ಚು ನಿಂತು ನೋವಾಗಿ, ಕಪ್ಪು ಕಲೆ ಉಳಿಸಿದರೆ ಅದು ರಕ್ತನಾಳದ ಉರಿಯೂತವಿರಬಹುದು, ತೋರಿಸಿ.

ಒಂದು ಹೊತ್ತಿನ ಔಷಧಿ ಮರೆತರೆ ನೆನಪಾದ ಕೂಡಲೇ ನುಂಗಬಹುದು. ಮುಂದಿನ ಹೊತ್ತು ಹತ್ತಿರ ಬಂದಿದ್ದರೆ ಮರೆತದ್ದನ್ನು ಬಿಟ್ಟುಬಿಡಿ, ಎರಡನ್ನೂ ಸೇರಿಸಿ ನುಂಗಬೇಡಿ. ಮುಂದಿನ ಸಲ ಬರುವಾಗ ಪುಸ್ತಕ, ಹಳೆಯ ರಕ್ತಪರೀಕ್ಷೆಯ ಚೀಟಿಗಳು, ಮನೆಯಲ್ಲಿ ನುಂಗುತ್ತಿರುವ ಎಲ್ಲ ಮಾತ್ರೆಗಳ ಪಟ್ಟಿಗಳನ್ನು, ಖಾಲಿಯಾದವನ್ನೂ ಸೇರಿಸಿ, ಒಂದೇ ಚೀಲದಲ್ಲಿ ಹಾಕಿ ತನ್ನಿ.